ಸಹಿ ಹಾಕಿ ಸರ್, ಪತ್ರ ನಾನೇ ತಂದಿದ್ದೀನಿ

ನವೆಂಬರ್ ಬಂತೆಂದರೆ ನಮ್ಮ ಸ್ಟಾಫ್ ರೂಮಿನ ಬಾಗಿಲಲ್ಲಿ ಹಳೆಯ ಮುಖಗಳು ಕಾಣಿಸತೊಡಗುತ್ತವೆ. ಕೋರ್ಸ್ ಮುಗಿಸಿ ವರ್ಷವಾದವರು, ಎರಡು ವರ್ಷವಾದವರು, ಬೆಂಗಳೂರಿನ ಕಂಪನಿಗೆ ರಜೆ ಹಾಕಿ ರಾತ್ರಿ ಬಸ್ಸಿನಲ್ಲಿ ಬಂದವರು. ಕೈಯಲ್ಲೊಂದು ಪ್ಲಾಸ್ಟಿಕ್ ಫೋಲ್ಡರ್. ಕುಶಲ ವಿಚಾರಿಸಿ, ಚಹಾ ಬೇಡವೆಂದು ಹೇಳಿ, ಕೊನೆಗೆ ಟೈಪ್ ಮಾಡಿದ ಹಾಳೆಯೊಂದನ್ನು ಮೆಲ್ಲಗೆ ಮೇಜಿನ ಮೇಲೆ ಸರಿಸುತ್ತಾರೆ: “ಒಂದು ಸಹಿ ಹಾಕಿ ಸರ್, ಪತ್ರ ನಾನೇ ತಂದಿದ್ದೀನಿ.”

ಅದು ಶಿಫಾರಸು ಪತ್ರ. ಎಂ.ಎಸ್. ಓದಲು ಅಮೆರಿಕಕ್ಕೋ ಜರ್ಮನಿಗೋ ಹೊರಟವನ ಬಗ್ಗೆ ಅವನ ಮೇಷ್ಟ್ರು ಬರೆಯಬೇಕಾದದ್ದು. ಮೇಷ್ಟ್ರಿಗೆ ತೊಂದರೆಯಾಗದಿರಲೆಂದು ಅವನೇ ಬರೆದುಕೊಂಡು ಬಂದಿರುತ್ತಾನೆ. ಹಲವು ವರ್ಷಗಳ ಹಿಂದೆ ಅಂಥದೊಂದನ್ನು ಕುತೂಹಲಕ್ಕೆ ಓದಿ ನೋಡಿದೆ. ಈ ಹುಡುಗನನ್ನು ನಾನು ನಾಲ್ಕು ವರ್ಷದಿಂದ ಹತ್ತಿರದಿಂದ ಬಲ್ಲೆ, ಇವನ ನಾಯಕತ್ವದ ಗುಣ ಅಸಾಧಾರಣ ಎಂದಿತ್ತು. ನಾನು ಅವನಿಗೆ ಪಾಠ ಮಾಡಿದ್ದು ಒಂದೇ ಸೆಮಿಸ್ಟರ್; ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದ. ಪಕ್ಕದ ಮೇಜಿನ ಸಹೋದ್ಯೋಗಿಯ ಹೆಸರಿನ ಪತ್ರವೂ ಅದೇ ಫೋಲ್ಡರಿನಲ್ಲಿತ್ತು. ನನ್ನದರಲ್ಲಿ ‘ಅಸಾಧಾರಣ’, ಅವರದರಲ್ಲಿ ‘ಅಪ್ರತಿಮ’, ವಿಭಾಗದ ಮುಖ್ಯಸ್ಥರದರಲ್ಲಿ ‘ಅಪೂರ್ವ’. ಉಳಿದದ್ದೆಲ್ಲ ಒಂದೇ. ಮೂರರಲ್ಲೂ ಒಂದೇ ಜಾಗದಲ್ಲಿ ಒಂದೇ ಕಾಗುಣಿತದ ತಪ್ಪು.

ಸಹಿ ಹಾಕಿದೆ. ಹೌದು, ಹಾಕಿದೆ. ಎಲ್ಲರೂ ಹಾಕುತ್ತಿದ್ದರು. ಮಕ್ಕಳ ಅನ್ನಕ್ಕೆ ಅಡ್ಡ ಬರಬಾರದು ಎಂಬ ನಮ್ಮ ಕಡೆಯ ಧರ್ಮವೂ ಒಂದಿತ್ತು. ಈಗ ಕಾಗದದ ಬದಲು ಇ-ಮೇಲಿಗೆ ಲಿಂಕ್ ಬರುತ್ತದೆ, ಅಷ್ಟೇ ವ್ಯತ್ಯಾಸ. ಹುಡುಗ ಬರೆದದ್ದನ್ನು ಅಲ್ಲಿ ಅಂಟಿಸುವ ಮೇಷ್ಟ್ರುಗಳಿಗೇನೂ ಬರವಿಲ್ಲ. ಆ ವರ್ಷ ಆ ಹುಡುಗ ಎಂಟು ವಿಶ್ವವಿದ್ಯಾಲಯಗಳಿಗೆ ಅರ್ಜಿ ಹಾಕಿದ್ದ. ಆರು ರಿಜೆಕ್ಟ್. ಬಂದ ಎರಡರಲ್ಲಿ ಒಂದರ ಊರು ಯಾವ ರಾಜ್ಯದಲ್ಲಿದೆ ಎಂದು ಕೇಳಿದೆ. “ನೋಡ್ಬೇಕು ಸರ್” ಅಂದ.

ಆ ‘ನೋಡ್ಬೇಕು ಸರ್’ ನನ್ನ ಕಿವಿಯಲ್ಲಿ ಬಹಳ ದಿನ ಉಳಿಯಿತು. ಅವನ ಅರ್ಜಿ ಸೋತದ್ದು ಇಂಗ್ಲಿಷಿನಿಂದಲ್ಲ, ಅಂಕದಿಂದಲೂ ಅಲ್ಲ. ಅವನು ಆ ಎಂಟನ್ನು ಆರಿಸಿಯೇ ಇರಲಿಲ್ಲ. ಯಾರೋ ಕೊಟ್ಟ ಪಟ್ಟಿ, ಯಾರೋ ಬರೆದ ನಿರೂಪಣೆ, ತಾನೇ ಬರೆದ ಶಿಫಾರಸು. ‘ನೀನು ನಮ್ಮಲ್ಲಿಗೇ ಏಕೆ ಬರಬೇಕು?’ ಎಂದು ಅರ್ಜಿ ಕೇಳುತ್ತದೆ. ಆರಿಸದವನು ಅದಕ್ಕೆ ಏನೆಂದು ಬರೆದಾನು? ಆಯ್ಕೆ ಒಂದು ಕೆಲಸ, ಅರ್ಜಿ ಇನ್ನೊಂದು ಎಂದು ನಾವು ಅಂದುಕೊಂಡಿದ್ದೇವೆ. ನನ್ನ ಅನುಭವದಲ್ಲಿ ಎರಡೂ ಒಂದೇ.

ಇದರಲ್ಲಿ ಹುಡುಗರ ತಪ್ಪಿಗಿಂತ ಅವರು ಬೆಳೆದುಬಂದ ಪದ್ಧತಿಯ ಪಾಲು ಹೆಚ್ಚು. ಹದಿನೆಂಟನೆಯ ವಯಸ್ಸಿಗೆ ನಮ್ಮ ಮಕ್ಕಳು ಎದುರಿಸುವ ದೊಡ್ಡ ಆಯ್ಕೆ ಸಿಇಟಿಯ ಆಪ್ಷನ್ ಎಂಟ್ರಿ. ಇಂಜಿನಿಯರಿಂಗ್‌ಗೆ ಪಿಯುಸಿಯ ವಿಜ್ಞಾನ, ಗಣಿತದ ಅಂಕಗಳಿಗೆ ಅರ್ಧ ತೂಕ, ಸಿಇಟಿ ಅಂಕಗಳಿಗೆ ಅರ್ಧ ತೂಕ; ಕೂಡಿಸಿ ಒಂದು ರ‍್ಯಾಂಕ್. ಆಮೇಲೆ ಕಾಲೇಜು ಮತ್ತು ಬ್ರ್ಯಾಂಚುಗಳ ಉದ್ದನೆಯ ಪಟ್ಟಿ. ಕಂಪ್ಯೂಟರ್ ರ‍್ಯಾಂಕಿನ ಕ್ರಮದಲ್ಲಿ ಒಬ್ಬೊಬ್ಬರನ್ನೇ ಕರೆದು, ಅವರ ಪಟ್ಟಿಯನ್ನು ಮೇಲಿನಿಂದ ಓದುತ್ತಾ, ಮೊದಲು ಸಿಕ್ಕ ಖಾಲಿ ಸೀಟನ್ನು ಕೊಡುತ್ತದೆ. ಇಷ್ಟು ಸರಳ. ಆದರೂ ಪ್ರತಿ ವರ್ಷ ಅಪ್ಪಂದಿರು ನನಗೆ ಫೋನ್ ಮಾಡಿ, “ಮೇಲಿನ ಕಾಲೇಜು ಮೊದಲು ಹಾಕಿದರೆ ಕೆಳಗಿನದೂ ಕೈ ತಪ್ಪುತ್ತಂತಲ್ಲ?” ಎಂದು ಕೇಳುತ್ತಾರೆ. ತಪ್ಪುವುದಿಲ್ಲ. ಸಿಗಲಾರದ್ದನ್ನು ಮೊದಲ ಸಾಲಿಗೆ ಹಾಕಿದರೆ ಕಳೆದುಕೊಳ್ಳುವುದು ಏನೂ ಇಲ್ಲ; ಯಂತ್ರ ಮುಂದಿನ ಸಾಲಿಗೆ ಹೋಗುತ್ತದೆ. ಇಷ್ಟವಿಲ್ಲದ್ದನ್ನು ‘ಇರಲಿ’ ಎಂದು ನಡುವೆ ಸೇರಿಸಿದರೇ ಅಪಾಯ, ಏಕೆಂದರೆ ಅದು ಸಿಕ್ಕಿಬಿಡುತ್ತದೆ. ಕಳೆದ ವರ್ಷದ ಕಟ್‌ಆಫ್ ನೋಡಿ ಆಸೆಯ ಕ್ರಮವನ್ನೇ ತಲೆಕೆಳಗು ಮಾಡುವವರಿಗೆ ಎಷ್ಟು ಹೇಳಿದರೂ ನಂಬಿಕೆ ಬರುವುದಿಲ್ಲ.

ಸೀಟು ಬಂದ ಮೇಲೆ ನಾಲ್ಕು ಚಾಯ್ಸ್. ಒಪ್ಪಿ ಸೇರುವುದು, ಇಟ್ಟುಕೊಂಡು ಇನ್ನೂ ಮೇಲಿನದಕ್ಕೆ ಕಾಯುವುದು, ಬಿಟ್ಟುಕೊಟ್ಟು ಮುಂದಿನ ಸುತ್ತಿಗೆ ನಿಲ್ಲುವುದು, ಸಹವಾಸವೇ ಬೇಡವೆಂದು ಹೊರನಡೆಯುವುದು. ಎರಡನೆಯ ಮತ್ತು ಮೂರನೆಯ ಚಾಯ್ಸಿನ ನಡುವೆ ಗೊಂದಲಗೊಂಡು ಬಂದ ಸೀಟನ್ನೂ ಕಳೆದುಕೊಂಡವರನ್ನು ನೋಡಿದ್ದೇನೆ.

ಈ ಯಂತ್ರವನ್ನು ಹಳಿಯಲಾರೆ. ಕ್ಯಾಪಿಟೇಷನ್ ಹಾವಳಿ ತಡೆಯಲು ಕರ್ನಾಟಕ 1984ರಲ್ಲಿ ಕಾಯ್ದೆ ತರಬೇಕಾಯಿತು. ತುಮಕೂರಿನ ಖಾಸಗಿ ವೈದ್ಯಕೀಯ ಕಾಲೇಜೊಂದರ ಸೀಟಿನ ಸುತ್ತ ಹುಟ್ಟಿದ ಮೋಹಿನಿ ಜೈನ್ ಪ್ರಕರಣದಲ್ಲಿ 1992ರಲ್ಲಿ ಸುಪ್ರೀಂ ಕೋರ್ಟ್ ಕ್ಯಾಪಿಟೇಷನ್ ಶುಲ್ಕದ ವಿರುದ್ಧ ತೀರ್ಪು ಕೊಟ್ಟಿತು. 1994ರಲ್ಲಿ ಸಿಇಟಿ ಬಂತು. ರೈತನ ಮಗ, ಮಂತ್ರಿಯ ಮಗ ಒಂದೇ ಸಾಲಿನಲ್ಲಿ ನಿಂತರು. ಹಣ, ಪರಿಚಯ, ಪ್ರಭಾವ ಒಳಗೆ ಬರದಂತೆ ಬಾಗಿಲು ಹಾಕಿದಾಗ ಹುಡುಗನ ಕಥೆಯೂ ಹೊರಗೇ ಉಳಿಯಿತು. ಅದು ಅನಿವಾರ್ಯವಾಗಿತ್ತು. ಆದರೆ ನಾಲ್ಕು ವರ್ಷ ಬಿಟ್ಟು ಹೊರದೇಶದ ಅರ್ಜಿಯೋ, ಇಲ್ಲೇ ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದಂಥ ಕಡೆಯ ಸಂದರ್ಶನವೋ ಎದುರಾದಾಗ ‘ನೀನು ಯಾರಪ್ಪಾ?’ ಎಂಬ ಪ್ರಶ್ನೆ ಮೊದಲ ಬಾರಿ ಬರುತ್ತದೆ. ಹುಡುಗ ತಬ್ಬಿಬ್ಬಾಗುತ್ತಾನೆ. ಅವನಿಗೆ ಗೊತ್ತಿರುವುದು ತನ್ನ ನಂಬರ್.

ಅಂಕಕ್ಕಾಗಿ ವಿಷಯ ಆರಿಸುವ ಲೆಕ್ಕಾಚಾರವೇನೂ ಹೊಸದಲ್ಲ. ಗಿರೀಶ ಕಾರ್ನಾಡರು ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಗಣಿತ, ಸಂಖ್ಯಾಶಾಸ್ತ್ರ ತೆಗೆದುಕೊಂಡದ್ದು ಅದರ ಮೇಲಿನ ಪ್ರೀತಿಯಿಂದಲ್ಲ. ಚೆನ್ನಾಗಿ ಅಂಕ ಬಂದರೆ ವಿದೇಶದ ವಿದ್ಯಾರ್ಥಿವೇತನ ಸಿಗಬಹುದೆಂದು. ಸಿಕ್ಕಿತು; ರೋಡ್ಸ್ ವಿದ್ಯಾರ್ಥಿಯಾಗಿ 1960ರಲ್ಲಿ ಆಕ್ಸ್‌ಫರ್ಡಿಗೆ ಹೋಗಿ ಅವರು ಓದಿದ್ದು ತತ್ವಶಾಸ್ತ್ರ, ರಾಜಕೀಯ, ಅರ್ಥಶಾಸ್ತ್ರ. ಅಂಕ ಅವರನ್ನು ಬಾಗಿಲವರೆಗೆ ಕರೆದೊಯ್ದಿರಬಹುದು. ಆದರೆ ಹೊರಡುವ ಹೊತ್ತಿಗೆ ಅವರ ಕೈಯಲ್ಲಿ ‘ಯಯಾತಿ’ ನಾಟಕವಿತ್ತು.

ಈಗ ಆಯ್ಕೆಯ ವಿಚಾರಕ್ಕೆ ಬರೋಣ. ಹುಡುಗರು ಮೊದಲು ತೆರೆಯುವುದು ರ‍್ಯಾಂಕಿಂಗ್ ಪಟ್ಟಿ. ರ‍್ಯಾಂಕ್ ಎಂದರೆ ನಮಗೆ ಎಸ್ಸೆಸ್ಸೆಲ್ಸಿಯಿಂದಲೇ ಭಕ್ತಿ. ಆದರೆ ಆ ಪಟ್ಟಿ ಏನನ್ನು ಅಳೆಯುತ್ತದೆ ಎಂದು ನೋಡುವವರು ಕಡಿಮೆ. ಜಗತ್ತೆಲ್ಲ ಉಲ್ಲೇಖಿಸುವ ಕ್ಯೂಎಸ್ ಪಟ್ಟಿಯಲ್ಲಿ 100ಕ್ಕೆ 30 ಪಾಲು ಪ್ರಾಧ್ಯಾಪಕರ ಅಭಿಪ್ರಾಯ, 15 ಪಾಲು ಉದ್ಯೋಗದಾತರ ಅಭಿಪ್ರಾಯ. ಹತ್ತಿರ ಹತ್ತಿರ ಅರ್ಧದಷ್ಟು ‘ಹೆಸರು ಕೇಳಿದ್ದೀರಾ?’ ಎಂಬ ಪ್ರಶ್ನೆಗೆ ಬಂದ ಉತ್ತರ. 2003ರಲ್ಲಿ ಶುರುವಾದ ಶಾಂಘೈ ಪಟ್ಟಿಯಲ್ಲಿ ನೊಬೆಲ್ ಮತ್ತು ಫೀಲ್ಡ್ಸ್ ಪದಕ ಪಡೆದ ಹಳೆಯ ವಿದ್ಯಾರ್ಥಿಗಳಿಗೂ ಅಧ್ಯಾಪಕರಿಗೂ ಸೇರಿ 30 ಪಾಲು. ನಿಮಗೆ ಪಾಠ ಮಾಡಲಿರುವವರು ಆ ನೊಬೆಲ್ ವಿಜೇತರಲ್ಲ ಎಂಬುದನ್ನು ಪಟ್ಟಿ ಹೇಳುವುದಿಲ್ಲ. ನಮ್ಮ ದೇಶದ ಎನ್‌ಐಆರ್‌ಎಫ್‌ನಲ್ಲಿ ಬೋಧನೆ-ಸಂಪನ್ಮೂಲಕ್ಕೆ 30, ಸಂಶೋಧನೆಗೆ 30, ಪದವೀಧರರ ಫಲಿತಾಂಶಕ್ಕೆ 20.

ನಮ್ಮ ಮನೆಯಂಗಳದ ಉದಾಹರಣೆಯನ್ನೇ ನೋಡಿ. 1909ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, 2016ರಲ್ಲಿ ಎನ್‌ಐಆರ್‌ಎಫ್ ಶುರುವಾದಾಗಿನಿಂದ ವಿಶ್ವವಿದ್ಯಾಲಯಗಳ ವಿಭಾಗದಲ್ಲಿ ಮೊದಲ ಸ್ಥಾನ ಬಿಟ್ಟುಕೊಟ್ಟಿಲ್ಲ. ಕ್ಯೂಎಸ್‌ನ ಒಟ್ಟು ಪಟ್ಟಿಯಲ್ಲಿ ಅದು ಮೊದಲ ನೂರರೊಳಗೂ ಇಲ್ಲ. ಅದೇ ಕ್ಯೂಎಸ್‌ನ 2022ರ ಆವೃತ್ತಿಯಲ್ಲಿ, ಪ್ರತಿ ಅಧ್ಯಾಪಕನ ಸಂಶೋಧನೆ ಎಷ್ಟು ಉಲ್ಲೇಖಗೊಂಡಿದೆ ಎಂಬ ಒಂದೇ ಅಳತೆಯಲ್ಲಿ ನೂರಕ್ಕೆ ನೂರು ಪಡೆದು ಇಡೀ ಜಗತ್ತಿಗೆ ಮೊದಲು! ಸಂಸ್ಥೆ ಒಂದೇ, ಅದೇ ಮರಗಳು, ಅದೇ ಲ್ಯಾಬುಗಳು. ಬೇರೆಯಾದದ್ದು ಅಳತೆಪಟ್ಟಿ. ಹಾಗಿರುವಾಗ 180ನೆಯ ಸ್ಥಾನದ್ದು ಬೇಡ, 140ನೆಯದು ಬೇಕು ಎಂದು ಲಕ್ಷಾಂತರ ಸಾಲ ಮಾಡುವವರಿಗೆ ಏನು ಹೇಳುವುದು?

ನಾನು ಹುಡುಗರಿಗೆ ಹೇಳುವುದು ಒಂದೇ: ಪಟ್ಟಿ ಮುಚ್ಚಿ, ಪಠ್ಯಕ್ರಮ ತೆರೆಯಿರಿ. ಜರ್ಮನಿಯ ವಿಶ್ವವಿದ್ಯಾಲಯಗಳು ಮೊಡ್ಯೂಲ್ ಹ್ಯಾಂಡ್‌ಬುಕ್ ಎಂಬ ದಪ್ಪ ಕಡತವನ್ನು ಪ್ರಕಟಿಸುತ್ತವೆ. ಯಾವ ವಿಷಯ, ಎಷ್ಟು ಕ್ರೆಡಿಟ್, ಯಾರು ಕಲಿಸುತ್ತಾರೆ, ಪರೀಕ್ಷೆ ಬಾಯಿಮಾತಿನದೋ ಬರವಣಿಗೆಯದೋ ಎಲ್ಲ ಅದರಲ್ಲಿರುತ್ತದೆ. ಓದಲು ಬೇಸರವೇ, ಸಂಶಯವಿಲ್ಲ. ಎರಡು ಸಂಜೆ ಕೂತು ಅದನ್ನು ಓದಿದವನಿಗೆ ತನಗೆ ಆ ಕೋರ್ಸ್ ಬೇಕೋ ಬೇಡವೋ ಗೊತ್ತಾಗಿಬಿಡುತ್ತದೆ. ಅಮೆರಿಕದ್ದಾದರೆ ಥೀಸಿಸ್ ಇದೆಯೋ, ಬರೀ ಕೋರ್ಸ್‌ವರ್ಕೋ ನೋಡಬೇಕು, ಮುಂದೆ ಪಿಎಚ್‌.ಡಿ. ಮಾಡುವ ಆಸೆಯಿದ್ದರೆ ಈ ಒಂದು ಸಾಲು ಉಳಿದೆಲ್ಲಕ್ಕಿಂತ ಮುಖ್ಯ. ಆಮೇಲೆ ಅಧ್ಯಾಪಕರ ಪುಟಗಳು. ನಿಮಗೆ ಆಸಕ್ತಿಯಿರುವ ವಿಷಯದಲ್ಲಿ ಕಳೆದ ಮೂರು ವರ್ಷದಲ್ಲಿ ಪ್ರಬಂಧ ಬರೆದವರು ಅಲ್ಲಿ ಒಬ್ಬರಾದರೂ ಇದ್ದಾರೆಯೇ? ಇಲ್ಲದಿದ್ದರೆ ಆ ಹೆಸರು ಎಷ್ಟೇ ದೊಡ್ಡದಾಗಿರಲಿ, ನಿಮಗದು ಖಾಲಿ ಮನೆ.

ಜರ್ಮನಿಯ ವಿಚಾರದಲ್ಲಿ ನಮ್ಮವರು ಗಾಬರಿಯಾಗುವ ಜಾಗ ಇನ್ನೊಂದಿದೆ. ಅಲ್ಲಿ ಅಂಕದ ಲೆಕ್ಕ ಉಲ್ಟಾ: 1 ಎಂದರೆ ಅತ್ಯುತ್ತಮ, 4 ಎಂದರೆ ಬರೀ ಪಾಸು. ಬವೇರಿಯನ್ ಸೂತ್ರ ಎಂಬುದರಿಂದ ನಮ್ಮ ಸಿಜಿಪಿಎಯನ್ನು ಪರಿವರ್ತಿಸುತ್ತಾರೆ. ಗರಿಷ್ಠ ಅಂಕದಿಂದ ನಿಮ್ಮದನ್ನು ಕಳೆದು, ಗರಿಷ್ಠ ಮತ್ತು ಪಾಸಿನ ಅಂಕಗಳ ಅಂತರದಿಂದ ಭಾಗಿಸಿ, ಮೂರರಿಂದ ಗುಣಿಸಿ, ಒಂದು ಕೂಡಿಸಬೇಕು. ಹತ್ತಕ್ಕೆ 8 ಬಂದು, ಪಾಸಿಗೆ 4 ಬೇಕಿದ್ದರೆ ಉತ್ತರ 2.0. ಸಿಜಿಪಿಎ 7 ಆದರೆ 2.5. ಹಲವು ಕೋರ್ಸುಗಳು ಗೆರೆ ಎಳೆಯುವುದು ಈ 2.5ರ ಹತ್ತಿರವೇ. ಅದಕ್ಕಿಂತ ಕಟ್ಟುನಿಟ್ಟಿನ ಗೆರೆ ವಿಷಯದ್ದು: ಗಣಿತದಲ್ಲಿ ಇಷ್ಟು ಕ್ರೆಡಿಟ್, ಕಂಟ್ರೋಲ್ ಸಿಸ್ಟಮ್ಸ್‌ನಲ್ಲಿ ಇಷ್ಟು ಎಂದು ಬರೆದಿರುತ್ತದೆ. ಒಂಬತ್ತರ ಸಿಜಿಪಿಎ ಇದ್ದೂ, ಓದಿದ ವಿಷಯ ಹೊಂದಲಿಲ್ಲವೆಂದು ವಾಪಸ್ ಬಂದ ಅರ್ಜಿಗಳು ನನ್ನ ಕಣ್ಣ ಮುಂದಿವೆ. ಓದಿದ್ದರೆ ಮೊದಲೇ ತಿಳಿಯುತ್ತಿತ್ತು.

ಇನ್ನು ದುಡ್ಡು. ‘ಜರ್ಮನಿಯಲ್ಲಿ ಫೀಸಿಲ್ಲ’ ಎಂಬ ಮಾತು ಮುಕ್ಕಾಲು ನಿಜ. ಬಾಡೆನ್-ವುರ್ಟೆಂಬರ್ಗ್ ರಾಜ್ಯ 2017ರಿಂದ ಯುರೋಪಿನಾಚೆಯ ವಿದ್ಯಾರ್ಥಿಗಳಿಂದ ಸೆಮಿಸ್ಟರಿಗೆ 1,500 ಯೂರೋ ವಸೂಲು ಮಾಡುತ್ತಿದೆ. ಮ್ಯೂನಿಕ್‌ನ ತಾಂತ್ರಿಕ ವಿಶ್ವವಿದ್ಯಾಲಯವೂ 2024ರಿಂದ ಶುಲ್ಕ ಶುರುಮಾಡಿದೆ. ಫೀಸಿಲ್ಲದ ಕಡೆಯೂ ವೀಸಾಕ್ಕೆ ಬ್ಲಾಕ್ಡ್ ಅಕೌಂಟಿನಲ್ಲಿ ವರ್ಷದ ಖರ್ಚು ತೋರಿಸಬೇಕು: 2024ರ ಸೆಪ್ಟೆಂಬರಿನಿಂದ ಅದು 11,904 ಯೂರೋ, ತಿಂಗಳಿಗೆ 992. ಹಲವು ವಿಶ್ವವಿದ್ಯಾಲಯಗಳ ಪರವಾಗಿ ಅರ್ಜಿ ಪಡೆಯುವ ಯೂನಿ-ಅಸಿಸ್ಟ್ ಮೂಲಕ ಹಾಕಿದರೆ ಮೊದಲ ಅರ್ಜಿಗೆ 75 ಯೂರೋ, ಮುಂದಿನ ಒಂದೊಂದಕ್ಕೆ 30. ಇವೆಲ್ಲಕ್ಕೂ ಮೊದಲು ನಮ್ಮ ಅಂಕಪಟ್ಟಿಗಳು ಅಸಲಿ ಎಂದು ದೃಢೀಕರಿಸುವ ಎಪಿಎಸ್ ಪ್ರಮಾಣಪತ್ರ. 2022ರ ನವೆಂಬರಿನಿಂದ ಭಾರತೀಯರಿಗೆ ಅದು ಕಡ್ಡಾಯ. ನಕಲಿ ಅಂಕಪಟ್ಟಿ ಮಾಡಿದವರ ಪಾಪವನ್ನು ಉಳಿದವರು ಕ್ಯೂ ನಿಂತು ತೊಳೆಯಬೇಕು.

ಅಮೆರಿಕದಲ್ಲಿ ಎಂ.ಎಸ್.ಗೆ ಸಾಮಾನ್ಯವಾಗಿ ಕೈಯಿಂದಲೇ ಖರ್ಚು, ಪಿಎಚ್‌.ಡಿ.ಗೆ ಹೆಚ್ಚಾಗಿ ಫೀಸು ಮಾಫಿಯಾಗಿ ಸ್ಟೈಪೆಂಡ್ ಸಿಗುತ್ತದೆ. ಈ ವ್ಯತ್ಯಾಸ ಗೊತ್ತಿಲ್ಲದೆ ಮನೆ ಅಡವಿಟ್ಟವರಿದ್ದಾರೆ. ಸಾಲಕ್ಕೆ ಬ್ಯಾಂಕಿನ ಮೆಟ್ಟಿಲು ಹತ್ತುವ ಮುಂಚೆ ಬೇರೆ ಬಾಗಿಲುಗಳನ್ನೂ ತಟ್ಟಬೇಕು. ಪರಿಶಿಷ್ಟ ಜಾತಿ, ಪಂಗಡದ ವಿದ್ಯಾರ್ಥಿಗಳಿಗೆ ರಾಜ್ಯದ ಸಮಾಜ ಕಲ್ಯಾಣ ಇಲಾಖೆಯ ‘ಪ್ರಬುದ್ಧ’ ಯೋಜನೆಯಿದೆ. ಜೆ.ಎನ್. ಟಾಟಾ ದತ್ತಿನಿಧಿ 1892ರಿಂದಲೂ ವಿದೇಶ ವ್ಯಾಸಂಗಕ್ಕೆ ಸಾಲ-ವಿದ್ಯಾರ್ಥಿವೇತನ ಕೊಡುತ್ತಾ ಬಂದಿದೆ.

ಪಟ್ಟಣಕ್ಕೆರಡರಂತೆ ಈಗ ಕನ್ಸಲ್ಟೆನ್ಸಿಗಳು. ‘ಫ್ರೀ ಕೌನ್ಸೆಲಿಂಗ್’ ಎಂಬ ಬೋರ್ಡು. ಪುಕ್ಕಟೆ ಸಲಹೆಯ ಹಿಂದೆ ಬಹಳ ಸಲ ವಿಶ್ವವಿದ್ಯಾಲಯದಿಂದ ಬರುವ ಕಮಿಷನ್ ಇರುತ್ತದೆ. ಹಾಗಾಗಿ ಅವರ ಪಟ್ಟಿಯಲ್ಲಿ ಕಮಿಷನ್ ಕೊಡುವವರೇ ಮೇಲೆ. ಎಲ್ಲರೂ ಮೋಸಗಾರರೆಂದು ಹೇಳುತ್ತಿಲ್ಲ. ದನ ಕೊಳ್ಳುವಾಗ ದಲ್ಲಾಳಿಯ ಮಾತನ್ನು ಎಷ್ಟು ನಂಬುತ್ತೇವೋ ಅಷ್ಟು ನಂಬಿದರೆ ಸಾಕು. ಅವರ ಬಾಯಲ್ಲಿ ಓಡಾಡುವ ಪದ ‘ಸೇಫ್ ಯೂನಿವರ್ಸಿಟಿ’. ಮೂರು ಆಂಬಿಷಿಯಸ್, ಮೂರು ಮಾಡರೇಟ್, ಎರಡು ಸೇಫ್. ಆ ಸೇಫ್ ಒಂದೇ ಸಿಕ್ಕರೆ ಸಂತೋಷದಿಂದ ಹೋಗುತ್ತೀಯಾ ಎಂದು ಹುಡುಗನನ್ನು ಕೇಳುತ್ತೇನೆ. ಇಲ್ಲ ಅಂದರೆ ಆ ಅರ್ಜಿಯ ಶುಲ್ಕದಲ್ಲಿ ಅಮ್ಮನಿಗೊಂದು ಸೀರೆ ತಂದುಕೊಡು ಅನ್ನುತ್ತೇನೆ.

ಇಷ್ಟು ಮಾಡಿದವನು ಎಸ್‌ಒಪಿ ಬರೆಯಲು ಕೂರುತ್ತಾನೆ. ಸ್ಟೇಟ್‌ಮೆಂಟ್ ಆಫ್ ಪರ್ಪಸ್. ಜರ್ಮನಿಯವರು ಮೋಟಿವೇಷನ್ ಲೆಟರ್ ಅನ್ನುತ್ತಾರೆ. ನನ್ನ ಮೇಜಿಗೆ ಬಂದವುಗಳಲ್ಲಿ ಹತ್ತಕ್ಕೆ ಏಳು ‘ಬಾಲ್ಯದಿಂದಲೂ ನನಗೆ ಯಂತ್ರಗಳೆಂದರೆ…’ ಎಂದು ತೊಡಗುತ್ತವೆ. ಅಪ್ಪ ತಂದ ಆಟದ ಕಾರನ್ನು ಬಿಚ್ಚಿದ ಕಥೆ ಬರುತ್ತದೆ. ಇಲ್ಲವಾದರೆ ಅಬ್ದುಲ್ ಕಲಾಂ ಅವರ ಒಂದು ಮಾತು. ಕರ್ನಾಟಕದ ಇಂಜಿನಿಯರುಗಳೆಲ್ಲ ಬಾಲ್ಯದಲ್ಲಿ ಕಾರು ಬಿಚ್ಚಿದ್ದರೆ ಚನ್ನಪಟ್ಟಣದ ಗೊಂಬೆಗಳಿಗೆ ಉಳಿಗಾಲವಿರುತ್ತಿರಲಿಲ್ಲ.

ಇದು ನಮ್ಮ ಹುಡುಗರ ಕಾಯಿಲೆಯಷ್ಟೇ ಅಲ್ಲ. ಬ್ರಿಟನ್ನಿನಲ್ಲಿ ಪದವಿ ಕೋರ್ಸುಗಳ ಅರ್ಜಿಗಳೆಲ್ಲ ಯುಕಾಸ್ ಎಂಬ ಒಂದೇ ಸಂಸ್ಥೆಯ ಮೂಲಕ ಹೋಗುತ್ತವೆ. 2007ರಲ್ಲಿ ಅವರು 50,000 ಅರ್ಜಿಗಳ ಸ್ವಪರಿಚಯವನ್ನು ಕಂಪ್ಯೂಟರಿನಲ್ಲಿ ಹೋಲಿಸಿ ನೋಡಿದರು. 234 ಮಂದಿ ಎಂಟನೆಯ ಹುಟ್ಟುಹಬ್ಬಕ್ಕೆ ಸಿಕ್ಕ ಕೆಮಿಸ್ಟ್ರಿ ಸೆಟ್ಟಿನಿಂದ ತಮ್ಮ ಪೈಜಾಮ ಸುಟ್ಟುಕೊಂಡಿದ್ದರು! ಅಂತರ್ಜಾಲದಲ್ಲಿದ್ದ ಒಂದೇ ಮಾದರಿಯನ್ನು ಎಲ್ಲರೂ ಎತ್ತಿಕೊಂಡಿದ್ದರು. ಈಗ ಎಐ ಬಂದಿದೆ. ಪೈಜಾಮದ ಬದಲು ನುಣುಪಾದ ವಾಕ್ಯಗಳು ಬರುತ್ತಿವೆ, ಓದಿ ಮುಗಿಸಿದರೆ ಯಾರ ಮುಖವೂ ನೆನಪಿಗೆ ಬರುವುದಿಲ್ಲ.

ಯುಕಾಸ್‌ನವರೇ ಕೊನೆಗೆ 2026ರ ಪ್ರವೇಶದಿಂದ ಆ ಉದ್ದನೆಯ ಸ್ವಪರಿಚಯವನ್ನು ಮೂರು ಪ್ರಶ್ನೆಯಾಗಿ ಒಡೆದಿದ್ದಾರೆ. ಈ ವಿಷಯವನ್ನೇ ಏಕೆ ಓದಬೇಕೆಂದಿದ್ದೀರಿ? ಈವರೆಗಿನ ಓದು ನಿಮ್ಮನ್ನು ಇದಕ್ಕೆ ಹೇಗೆ ಸಿದ್ಧಗೊಳಿಸಿದೆ? ಓದಿನ ಹೊರಗೆ ಏನು ಮಾಡಿದ್ದೀರಿ, ಅದರಿಂದ ಏನು ಪ್ರಯೋಜನ? ಮೂರಕ್ಕೂ ಸೇರಿ 4,000 ಅಕ್ಷರಗಳು, ಖಾಲಿ ಜಾಗವೂ ಸೇರಿ. ಬ್ರಿಟನ್ನಿಗೆ ಹೋಗದವರಿಗೂ ನಾನು ಈ ಮೂರು ಪ್ರಶ್ನೆ ಕೊಟ್ಟು ಮೊದಲು ಕನ್ನಡದಲ್ಲಿ ಬರೆದು ತನ್ನಿ ಅನ್ನುತ್ತೇನೆ. ಕನ್ನಡದಲ್ಲಿ ‘ಬಾಲ್ಯದಿಂದಲೂ ಅದಮ್ಯ ಆಕರ್ಷಣೆ’ ಎಂದು ಬರೆದರೆ ಬರೆದವನಿಗೇ ನಗು ಬರುತ್ತದೆ, ಇಂಗ್ಲಿಷಿನಲ್ಲಿ ಬರುವುದಿಲ್ಲ.

ಮೂರ್ನಾಲ್ಕು ವರ್ಷದ ಕೆಳಗೆ ಒಬ್ಬ ಹುಡುಗ ಬಂದ. ಅಡಿಕೆ ತೋಟದ ಮನೆಯವನು, ಎಲೆಕ್ಟ್ರಿಕಲ್ ಓದಿದವನು. ಅವನ ಎಸ್‌ಒಪಿಯೂ ಆಟದ ಕಾರಿನಿಂದಲೇ ಶುರುವಾಗಿತ್ತು. ಜಾಗತಿಕ ತಾಪಮಾನ, ಸುಸ್ಥಿರ ಅಭಿವೃದ್ಧಿ, ನವೀಕರಿಸಬಹುದಾದ ಇಂಧನ ಎಲ್ಲ ಇತ್ತು. ಅವನು ಮಾತ್ರ ಇರಲಿಲ್ಲ. ಹಾಳೆ ಬದಿಗಿಟ್ಟು, ಕೊನೆಯ ವರ್ಷದ ಪ್ರಾಜೆಕ್ಟಿಗೆ ಮೋಟರ್ ಪ್ರೊಟೆಕ್ಷನ್ ಏಕೆ ತಗೊಂಡೆ ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ: “ಮನೇಲಿ ಒಂದೇ ಬೇಸಿಗೇಲಿ ಮೂರು ಸಲ ಪಂಪ್‌ಸೆಟ್ ಮೋಟ್ರು ಸುಟ್ಟೋಯ್ತು ಸರ್. ಪ್ರತಿ ಸಲ ರೀವೈಂಡಿಂಗಿಗೆ ಅಪ್ಪ ಅಡಿಕೆ ಮಾರೋರು. ವೋಲ್ಟೇಜು ಅಂತ ಮೆಕ್ಯಾನಿಕ್ ಅಂದ. ನಂಗೆ ನಂಬಿಕೆ ಬರಲಿಲ್ಲ. ಲ್ಯಾಬಿಂದ ಕ್ಲ್ಯಾಂಪ್ ಮೀಟರ್ ತಗೊಂಡೋಗಿ ತ್ರೀ ಫೇಸ್ ಬರೋ ಹೊತ್ತಲ್ಲೆಲ್ಲ ಬರಕೊಂಡೆ.”

ಅವನು ಕಂಡುಕೊಂಡದ್ದು ಇಷ್ಟು: ವೋಲ್ಟೇಜು ಕಡಿಮೆಯಿದ್ದದ್ದು ನಿಜ, ಆದರೆ ಸುಡಿಸುತ್ತಿದ್ದದ್ದು ಅದಲ್ಲ. ಮೂರರಲ್ಲಿ ಒಂದು ಫೇಸ್ ಆಗಾಗ ಮಾಯವಾಗುತ್ತಿತ್ತು. ಓಡುತ್ತಿರುವ ಮೋಟರಿಗೆ ಒಂದು ಫೇಸ್ ತಪ್ಪಿದರೆ ಅದು ನಿಲ್ಲುವುದಿಲ್ಲ; ಉಳಿದೆರಡರಿಂದ ಹೆಚ್ಚು ಕರೆಂಟ್ ಎಳೆಯುತ್ತಾ, ಬಿಸಿಯಾಗಿ, ವೈಂಡಿಂಗ್ ಬೇಯುತ್ತದೆ. ಪುಸ್ತಕದಲ್ಲಿರುವ ಪಾಠವೇ. ಆದರೆ ಅವನು ಅದನ್ನು ರಾತ್ರಿ ಎರಡು ಗಂಟೆಗೆ ತೋಟದಲ್ಲಿ ಟಾರ್ಚು ಹಿಡಿದು ಓದಿದ್ದ.

“ಇದ್ಯಾಕೆ ಬರೀಲಿಲ್ಲ?” ಅಂದೆ.

“ಹಳ್ಳಿ ವಿಷಯ ಅಲ್ವಾ ಸರ್.”

ಆ ಮಾತಿಗೆ ನನ್ನ ಬಳಿ ಉತ್ತರವಿರಲಿಲ್ಲ. ನಮ್ಮ ಕಾಲೇಜುಗಳು ನಾಲ್ಕು ವರ್ಷದಲ್ಲಿ ಇದನ್ನೂ ಕಲಿಸುತ್ತವೆ.

ಹೊಸದಾಗಿ ಬರೆದ. ಮೊದಲ ವಾಕ್ಯದಲ್ಲೇ ಮೋಟರು ಸುಟ್ಟಿತು. ಎರಡನೆಯ ಪ್ಯಾರಾದಲ್ಲಿ ಅವನು ಅಳೆದದ್ದು, ತನ್ನ ಅಳತೆಯಲ್ಲಿದ್ದ ಕೊರತೆ, ಪ್ರಾಜೆಕ್ಟಿನಲ್ಲಿ ಮಾಡಿದ ರಿಲೇ ಏಕೆ ಸರಿಯಾಗಿ ಕೆಲಸ ಮಾಡಲಿಲ್ಲ ಎಂಬುದು. ಮೂರನೆಯದರಲ್ಲಿ ಆ ಕೊರತೆ ತುಂಬಲು ತನಗೆ ಯಾವ ಯಾವ ವಿಷಯ ಕಲಿಯಬೇಕಿದೆ ಎಂಬುದು. ಎರಡನೆಯ ಸೆಮಿಸ್ಟರಿನಲ್ಲಿ ಒಂದು ಬ್ಯಾಕ್‌ಲಾಗ್ ಇತ್ತು. ಕಾರಣವನ್ನು ಎರಡು ಸಾಲಿನಲ್ಲಿ ಹೇಳಿ ಮುಂದೆ ಹೋದ. ಅತ್ತು ಕರೆಯಲಿಲ್ಲ, ಮುಚ್ಚಿಡಲೂ ಇಲ್ಲ. ಬರೆಯುತ್ತಾ ಹೋದಂತೆ ಅವನ ವಿಶ್ವವಿದ್ಯಾಲಯಗಳ ಪಟ್ಟಿ ತಾನಾಗಿ ಬದಲಾಯಿತು. ಮೊದಲಿದ್ದ ಎಂಟರಲ್ಲಿ ಐದು ಬಿದ್ದುಹೋದವು, ಏಕೆಂದರೆ ಅವನು ಕೇಳುತ್ತಿದ್ದ ಪ್ರಶ್ನೆಯ ಮೇಲೆ ಅಲ್ಲಿ ಯಾರೂ ಕೆಲಸ ಮಾಡುತ್ತಿರಲಿಲ್ಲ. ಯಾವ ಪಟ್ಟಿಯ ಮೊದಲ ಪುಟದಲ್ಲೂ ಇಲ್ಲದ, ಜರ್ಮನಿಯ ಸಣ್ಣ ಊರಿನ ಒಂದು ವಿಶ್ವವಿದ್ಯಾಲಯ ಒಳಗೆ ಬಂತು. ಅಲ್ಲಿನ ಲ್ಯಾಬೊಂದು ದುರ್ಬಲ ಗ್ರಿಡ್‌ಗಳಿಗೆ ಜೋಡಿಸಿದ ಮೋಟರುಗಳನ್ನೇ ಅಧ್ಯಯನ ಮಾಡುತ್ತಿತ್ತು.

ಆಗ ಶಿಫಾರಸು ಪತ್ರದ ಸರದಿ. ಅವನೂ ಒಂದನ್ನು ಬರೆದುಕೊಂಡು ಬಂದಿದ್ದ. ಅದರಲ್ಲಿ ನಾನು ಅವನನ್ನು ‘ಅಪ್ರತಿಮ’ ಎಂದಿದ್ದೆ. ಹಾಳೆ ಮಡಚಿ ವಾಪಸ್ ಕೊಟ್ಟು, ಈ ಸಲ ನಾನೇ ಬರೆಯುತ್ತೇನೆ ಅಂದೆ. ಅಮೆರಿಕದ ಫಾರಂಗಳಲ್ಲಿ, ನಿಮ್ಮ ಅನುಭವದಲ್ಲಿ ಈ ವಿದ್ಯಾರ್ಥಿ ಮೇಲಿನ ಶೇ. 5ರಲ್ಲಿ ಬರುತ್ತಾನೋ, 10ರಲ್ಲೋ, 25ರಲ್ಲೋ ಎಂದು ಕೇಳುತ್ತಾರೆ. ಪತ್ರವನ್ನು ಓದುವ ಹಕ್ಕನ್ನು ವಿದ್ಯಾರ್ಥಿ ಬಿಟ್ಟುಕೊಟ್ಟಿದ್ದಾನೆಯೇ ಎಂದೂ ಕೇಳುತ್ತಾರೆ. ಅಲ್ಲಿನ 1974ರ ಕಾನೂನೊಂದು ವಿದ್ಯಾರ್ಥಿಗೆ ತನ್ನ ಕಡತ ನೋಡುವ ಹಕ್ಕು ಕೊಟ್ಟಿದೆ, ಅದನ್ನು ಬಿಟ್ಟುಕೊಟ್ಟ ಪತ್ರಕ್ಕೆ ಬೆಲೆ ಹೆಚ್ಚು. ತಾನೇ ಬರೆದ ಪತ್ರವನ್ನು ನೋಡುವ ಹಕ್ಕು ಬಿಟ್ಟುಕೊಟ್ಟಿದ್ದೇನೆ ಎಂದು ಹುಡುಗ ಟಿಕ್ ಹಾಕಿದ ಮೇಲೆ, ಅದನ್ನೇ ತಮ್ಮದೆಂದು ಕಳಿಸುವ ನಮ್ಮ ಮೇಷ್ಟ್ರುಗಳ ಸ್ಥಿತಿಯನ್ನು ಊಹಿಸಿಕೊಳ್ಳಿ. ಪ್ರಿನ್ಸಿಪಾಲರ ಸಹಿಗೆ ತೂಕ ಹೆಚ್ಚು ಎಂಬ ನಂಬಿಕೆಯೂ ನಮ್ಮಲ್ಲಿದೆ. ನಿಮ್ಮ ಹೆಸರು ಗೊತ್ತಿಲ್ಲದ ಪ್ರಿನ್ಸಿಪಾಲರಿಗಿಂತ, ನೀವು ಲ್ಯಾಬಿನಲ್ಲಿ ಫ್ಯೂಸ್ ಹಾರಿಸಿದ್ದನ್ನು ನೆನಪಿಟ್ಟುಕೊಂಡಿರುವ ಕಿರಿಯ ಉಪನ್ಯಾಸಕಿಯ ಪತ್ರ ಮೇಲು. ಅವರಿಗೆ ಎರಡು ತಿಂಗಳು ಮುಂಚೆ ಹೇಳಿ. ನೀವು ಅವರ ತರಗತಿಯಲ್ಲಿ ಮಾಡಿದ್ದನ್ನು ಒಂದು ಪುಟದಲ್ಲಿ ನೆನಪಿಸಿ. ಡೆಡ್‌ಲೈನ್ ಹಿಂದಿನ ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಬೇಡಿ. ಇದು ಸಲಹೆಯಲ್ಲ, ಬೇಡಿಕೆ.

ಮಧ್ಯೆ ಒಂದು ವಿಚಾರ, ಯಾವ ಮಾರ್ಗದರ್ಶಿಯಲ್ಲೂ ಬರೆಯದ್ದು: ನಮ್ಮ ಹೆಸರುಗಳು. ಹಳೆ ಮೈಸೂರಿನ ಕಡೆ ಅನೇಕರಿಗೆ ಸರ್‌ನೇಮ್ ಇಲ್ಲ, ಬರೀ ಇನಿಷಿಯಲ್. ಎಸ್ಸೆಸ್ಸೆಲ್ಸಿ ಕಾರ್ಡಿನಲ್ಲಿ ಮುಂದೆ ಎರಡಕ್ಷರ, ಪದವಿ ಪತ್ರದಲ್ಲಿ ಹಿಂದೆ ಎರಡಕ್ಷರ, ಆಧಾರಿನಲ್ಲಿ ಅಪ್ಪನ ಹೆಸರು, ಪಾಸ್‌ಪೋರ್ಟಿನಲ್ಲಿ ಊರಿನ ಹೆಸರೂ ಸೇರಿ. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದರೆ ಅಮೆರಿಕದ ವೀಸಾದಲ್ಲಿ ಅದೇ ಸರ್‌ನೇಮ್ ಆಗಿ, ಮೊದಲ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ ಎಂದು ಬೀಳುತ್ತದೆ, ಮೊದಲ ಹೆಸರು ಗೊತ್ತಿಲ್ಲ ಎಂದು. ಅಲ್ಲಿಗೆ ಹೋದ ಮೇಲೆ ಬ್ಯಾಂಕಿನವರು ‘ಮಿಸ್ಟರ್ ಫ್ನೂ’ ಎಂದು ಕರೆದ ಕಥೆಯನ್ನು ನನ್ನ ವಿದ್ಯಾರ್ಥಿಯೊಬ್ಬ ನಗುತ್ತಾ ಹೇಳಿದ್ದ. ಅರ್ಜಿಗೆ ಒಂದು ವರ್ಷ ಮೊದಲೇ ಪಾಸ್‌ಪೋರ್ಟ್ ಮಾಡಿಸಿ, ಎಲ್ಲ ಕಾಗದಗಳನ್ನೂ ಅದಕ್ಕೆ ಹೊಂದಿಸಿಕೊಳ್ಳುವುದು ಟೋಫೆಲ್ ಬರೆಯುವುದಕ್ಕಿಂತ ಮುಂಚಿನ ಕೆಲಸ.

ಮತ್ತೆ ಆ ಹುಡುಗ. ಪತ್ರ ಬರೆಯಲು ಕೂತಾಗ ನನಗೂ ತಡವರಿಕೆ. ಅವನು ಬುದ್ಧಿವಂತ, ಶ್ರಮಜೀವಿ ಎಂದು ಬರೆದೆ. ಯಾರ ಬಗ್ಗೆಯೂ ಹಾಗೆ ಬರೆಯಬಹುದೆನಿಸಿ ಅಳಿಸಿದೆ. ನನಗೆ ನಿಜವಾಗಿ ಗೊತ್ತಿರುವುದೇನು? ಕೊನೆಗೆ ಎದ್ದು ಲ್ಯಾಬಿಗೆ ಹೋಗಿ ಸ್ಟಾಕ್ ರಿಜಿಸ್ಟರ್ ತೆಗೆಸಿದೆ. ಮೀಟರ್ ಕೊಂಡೊಯ್ದ ದಿನ ಮಾರ್ಚಿನದು. ಮಧ್ಯೆ ಒಮ್ಮೆ ತಂದು ಕ್ಯಾಲಿಬ್ರೇಷನ್ ಪರೀಕ್ಷೆ ಮಾಡಿಸಿಕೊಂಡು ಮತ್ತೆ ಒಯ್ದಿದ್ದಾನೆ. ಯಾರೂ ಹೇಳದೆ. ತನ್ನ ಅಳತೆಯನ್ನೇ ಅನುಮಾನಿಸಿದ ವಿದ್ಯಾರ್ಥಿ! ನನ್ನ ಪತ್ರ ಅಲ್ಲಿಂದ ಶುರುವಾಯಿತು, ಒಂದೂವರೆ ಪುಟ ಎಲ್ಲೂ ನಿಲ್ಲಲಿಲ್ಲ. ‘ಅಪ್ರತಿಮ’ ಎಂಬ ಪದಕ್ಕೆ ಅದರಲ್ಲಿ ಜಾಗವಾಗಲಿಲ್ಲ.

ನಾಲ್ಕು ಕಡೆ ಹಾಕಿದ್ದ. ಎರಡು ಕಡೆ ಇಲ್ಲವೆಂದರು. ಒಂದರಿಂದ ಉತ್ತರವೇ ಬರಲಿಲ್ಲ. ಸಣ್ಣ ಊರಿನವರು ವಿಡಿಯೊ ಕರೆಯಲ್ಲಿ ಇಪ್ಪತ್ತು ನಿಮಿಷ ಮಾತಾಡಿಸಿದರು. ಅದರಲ್ಲಿ ಹತ್ತು ನಿಮಿಷ, ನಿಮ್ಮ ಕಡೆ ಪಂಪಿಗೆ ದಿನಕ್ಕೆ ಎಷ್ಟು ಗಂಟೆ ತ್ರೀ ಫೇಸ್ ಕೊಡುತ್ತಾರೆ, ರಾತ್ರಿಯೇ ಏಕೆ ಕೊಡುತ್ತಾರೆ ಎಂದು ಕೇಳಿದರಂತೆ. ಅಷ್ಟನ್ನೂ ಅವನು ನಿದ್ದೆಗಣ್ಣಲ್ಲಿ ಹೇಳಬಲ್ಲ.

ಹೊರಡುವ ಮುಂಚೆ ಅಪ್ಪನ ಜೊತೆ ಬಂದು ಒಂದು ಗೊನೆ ಬಾಳೆಹಣ್ಣು ಇಟ್ಟು ಹೋದ. ಅವರು ಹೋದ ಮೇಲೆ ಲ್ಯಾಬಿನ ಅಟೆಂಡರ್ ರಿಜಿಸ್ಟರ್ ಹಿಡಿದುಕೊಂಡು ಬಂದ. ಎರಡನೆಯ ಸಲ ಒಯ್ದ ಸಾಲಿನ ಮುಂದೆ ‘ವಾಪಸ್’ ಎಂಬ ಕಾಲಂ ಖಾಲಿ. ಮೀಟರು ಈಗಲೂ ಅವರ ಪಂಪ್‌ಹೌಸಿನ ಮೊಳೆಗೆ ನೇತಾಡುತ್ತಿದೆಯಂತೆ. ಆಡಿಟ್ ಹತ್ತಿರ ಬಂದಿತ್ತು. ಆ ಖಾಲಿ ಕಾಲಮ್ಮಿಗೆ ನಾನೇ ಸಹಿ ಹಾಕಿದೆ.